ಫಿಕ್ಸ್ ಮಾಡಿಸಬೇಕೋ ಬೇಡವೋ: ಇಂಗ್ಲೆಂಡಿನಲ್ಲಿ ಮನೆ ಸಾಲ ಇರುವ ಕನ್ನಡಿಗರಿಗೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ 2021ರಲ್ಲಿ ಮನೆ ಕೊಂಡವರು ತುಂಬಾ ಜನ ಇದ್ದೀರಿ. ಅದಕ್ಕೆ ಕಾರಣವೂ ಇದೆ. ಕೋವಿಡ್ ಸಮಯದಲ್ಲಿ ಸರ್ಕಾರ ಸ್ಟಾಂಪ್ ಡ್ಯೂಟಿಗೆ ರಿಯಾಯಿತಿ ಕೊಟ್ಟಿತ್ತು. 2021ರ ಜೂನ್ ಕೊನೆಯವರೆಗೆ ವಾಸಕ್ಕೆಂದು ಕೊಂಡ ಮನೆಯ ಬೆಲೆಯಲ್ಲಿ ಮೊದಲ 5 ಲಕ್ಷ ಪೌಂಡ್‌ಗೆ ಆ ತೆರಿಗೆಯೇ ಇರಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿ ದರ, ಅಂದರೆ ಬ್ಯಾಂಕ್ ರೇಟ್, ಶೇ. 0.1 ಇತ್ತು. ಡಿಪಾಸಿಟ್, ಅಂದರೆ ಮನೆಗೆ ಕೈಯಿಂದ ಹಾಕುವ ಹಣ, ದೊಡ್ಡದಿದ್ದವರಿಗೆ ಶೇ. 1ಕ್ಕಿಂತ ಕಡಿಮೆಗೂ ಫಿಕ್ಸೆಡ್ ಡೀಲ್, ಅಂದರೆ ಇಷ್ಟು ವರ್ಷ ಬಡ್ಡಿ ಬದಲಾಗದ ಸಾಲ, ಸಿಗುತ್ತಿತ್ತು. ಬಹಳಷ್ಟು ಜನ ಐದು ವರ್ಷಕ್ಕೆ ಫಿಕ್ಸ್ ಮಾಡಿಸಿದರು. ಆ ಐದು ವರ್ಷ 2026ರಲ್ಲಿ ಮುಗಿಯುತ್ತದೆ.

ಅಂಥ ಒಂದು ಮನೆಯ ಲೆಕ್ಕ ಹಾಕೋಣ. 4 ಲಕ್ಷ ಪೌಂಡ್‌ನ ಮನೆ. 3 ಲಕ್ಷ ಸಾಲ. 25 ವರ್ಷದ ಅವಧಿ. ಶೇ. 1.5ಕ್ಕೆ ಐದು ವರ್ಷ ಫಿಕ್ಸ್. ತಿಂಗಳ ಕಂತು 1,200 ಪೌಂಡ್. ಐದು ವರ್ಷ ತಪ್ಪದೆ ಕಟ್ಟಿದರೆ ಉಳಿದ ಸಾಲ ಸುಮಾರು 2 ಲಕ್ಷ 48 ಸಾವಿರದ 600. ಅದನ್ನು ಉಳಿದ 20 ವರ್ಷಕ್ಕೆ ಶೇ. 4.5ರ ಡೀಲಿಗೆ ಹಾಕಿದರೆ ಕಂತು 1,573 ಆಗುತ್ತದೆ. ತಿಂಗಳಿಗೆ 373 ಪೌಂಡ್ ಜಾಸ್ತಿ. ಐದು ವರ್ಷ ಅಸಲು ತೀರಿಸಿದ ಮೇಲೂ ಇದು ಏರಿದೆ ಅನ್ನೋದೇ ಬೇಜಾರಿನ ಸಂಗತಿ, ಅಲ್ವಾ?

ಈ ಏರಿಕೆಯನ್ನು ಯಾರೂ ತಪ್ಪಿಸಲಾರರು. ಶೇ. 1.5ರ ಕಾಲ ಮುಗಿಯಿತು. ನಮ್ಮ ಕೈಯಲ್ಲಿ ಇರೋದು ಮುಂದಿನದು ಮಾತ್ರ. ಮತ್ತೆ ಫಿಕ್ಸ್ ಮಾಡಿಸಬೇಕಾ? ಎಷ್ಟು ವರ್ಷಕ್ಕೆ? ಇದೇ ಬ್ಯಾಂಕಿನಲ್ಲಾ, ಬೇರೆ ಕಡೆಗಾ? ಇವತ್ತು ನಾನು ಮಾತಾಡೋದು ಇಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಏನೂ ಮಾಡದೆ ಸುಮ್ನೆ ಇರುವುದು ಒಂದು ಆಯ್ಕೆಯೇ ಅಲ್ಲ. ಫಿಕ್ಸ್ ಮುಗಿದ ಮಾರನೇ ದಿನ ನಿಮ್ಮ ಸಾಲ ಬ್ಯಾಂಕಿನ ಸ್ಟ್ಯಾಂಡರ್ಡ್ ವೇರಿಯಬಲ್ ರೇಟ್, ಅಂದರೆ ಎಸ್‌ವಿಆರ್‌ಗೆ ಬೀಳುತ್ತದೆ. ಅದು ಬ್ಯಾಂಕು ತನಗೆ ಬೇಕಾದಂತೆ ಏರಿಸಿ ಇಳಿಸುವ ದರ. 2023ರ ಕೊನೆಯಲ್ಲಿ ಸರಾಸರಿ ಎಸ್‌ವಿಆರ್ ಶೇ. 8 ದಾಟಿತ್ತು. ಆಗ ಬ್ಯಾಂಕ್ ರೇಟ್ ಇದ್ದದ್ದು 5.25. ನಮ್ಮ ಲೆಕ್ಕದ ಮನೆಗೆ ಶೇ. 7 ಬಿದ್ದರೂ ಕಂತು 1,928 ಪೌಂಡ್ ಆಗುತ್ತದೆ. ಬ್ಯಾಂಕಿನಿಂದ ಬಂದ ಪತ್ರ ತೆರೆದು ನೋಡಲಿಲ್ಲ, ಕೆಲಸದ ಗಡಿಬಿಡಿ ಇತ್ತು, ಊರಿಗೆ ಹೋಗಿದ್ದೆವು. ಇಂಥ ಕಾರಣಕ್ಕೆ ಒಳ್ಳೆಯ ಸಂಬಳದವರೂ ತಿಂಗಳುಗಟ್ಟಲೆ ಎಸ್‌ವಿಆರ್ ಕಟ್ಟುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಷ್ಟಪಟ್ಟು ದುಡಿದ ಹಣ ಅದು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ಬಡ್ಡಿ ಇನ್ನೂ ಇಳಿಯುತ್ತಾ? ಸ್ವಲ್ಪ ಕಾಯೋದು ಒಳ್ಳೆಯದಾ?"

ಈ ಪ್ರಶ್ನೆಯ ಒಳಗೆ ಒಂದು ತಪ್ಪು ತಿಳಿವಳಿಕೆ ಇದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಇಳಿಸಿದರೆ ಫಿಕ್ಸೆಡ್ ಡೀಲ್ ಕೂಡ ಅವತ್ತೇ ಇಳಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಊರಿನಲ್ಲಿ ಹಾಗೆ ನಡೆಯುವುದನ್ನು ನೋಡಿದ್ದೇವೆ. ಭಾರತದಲ್ಲಿ 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆ ಸಾಲಗಳನ್ನು ಹೊರಗಿನ ದರವೊಂದಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೇ, ಕಟ್ಟಿಹಾಕಲಾಗಿದೆ. ರೆಪೋ ಇಳಿದರೆ ಕೆಲವು ತಿಂಗಳಲ್ಲಿ ನಿಮ್ಮ ಬಡ್ಡಿಯೂ ಇಳಿಯುತ್ತದೆ. ಇಲ್ಲಿಯ ಫಿಕ್ಸೆಡ್ ಡೀಲ್ ಹಾಗಲ್ಲ. ಬ್ಯಾಂಕುಗಳು ಅದಕ್ಕೆ ಬೆಲೆ ಕಟ್ಟುವುದು ಸ್ವಾಪ್ ರೇಟ್ ನೋಡಿಕೊಂಡು. ಮುಂದಿನ ಎರಡು ವರ್ಷ ಅಥವಾ ಐದು ವರ್ಷ ಬ್ಯಾಂಕ್ ರೇಟ್ ಹೇಗಿರಬಹುದು ಅಂತ ಇಡೀ ಹಣದ ಮಾರುಕಟ್ಟೆ ಮಾಡಿದ ಅಂದಾಜು ಆ ಸ್ವಾಪ್ ರೇಟಿನಲ್ಲಿ ಮೊದಲೇ ಸೇರಿಕೊಂಡಿರುತ್ತದೆ. ಎಲ್ಲರೂ ನಿರೀಕ್ಷಿಸುತ್ತಿರುವ ಇಳಿಕೆ ನೀವು ಇವತ್ತು ನೋಡುವ ಡೀಲಿನ ಒಳಗೇ ಇದೆ. ಕಾದರೆ ನಿಮಗೆ ಲಾಭ ಆಗಬೇಕಾದರೆ ಮಾರುಕಟ್ಟೆ ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ ಇಳಿಯಬೇಕು.

2022ರ ಸೆಪ್ಟೆಂಬರ್ ನೆನಪಿದೆಯಾ? 22ನೇ ತಾರೀಕು ಬ್ಯಾಂಕ್ ಆಫ್ ಇಂಗ್ಲೆಂಡ್ ದರವನ್ನು 2.25ಕ್ಕೆ ತಂದಿತು. ಮಾರನೇ ದಿನ ಆಗಿನ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ತಮ್ಮ ಮಿನಿ ಬಜೆಟ್ ಮಂಡಿಸಿದರು. ಖರ್ಚಿಗೆ ಹಣ ಎಲ್ಲಿಂದ ಅಂತ ಹೇಳದೆ ತೆರಿಗೆ ಕಡಿತ ಘೋಷಿಸಿದ್ದಕ್ಕೆ ಸರ್ಕಾರಿ ಸಾಲಪತ್ರಗಳ ಮಾರುಕಟ್ಟೆ ಕುಸಿಯಿತು. ಬ್ಯಾಂಕುಗಳು ನೂರಾರು ಡೀಲ್‌ಗಳನ್ನು ರಾತ್ರೋರಾತ್ರಿ ವಾಪಸ್ ತೆಗೆದುಕೊಂಡವು. ಎರಡು ವರ್ಷದ ಫಿಕ್ಸೆಡ್ ಡೀಲಿನ ಸರಾಸರಿ ಬಡ್ಡಿ ಮಿನಿ ಬಜೆಟ್ ದಿನ 4.74 ಇತ್ತು. ಅಕ್ಟೋಬರ್ 20ಕ್ಕೆ 6.65 ಆಯಿತು. ಈ ನಾಲ್ಕು ವಾರದಲ್ಲಿ ಬ್ಯಾಂಕ್ ರೇಟ್ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. 2024ರ ನವೆಂಬರ್‌ನಲ್ಲಿ ಇನ್ನೊಂದು ರೀತಿ ನೋಡಿದೆವು. ಬ್ಯಾಂಕ್ ರೇಟ್ 5ರಿಂದ 4.75ಕ್ಕೆ ಇಳಿಯಿತು, ಅದೇ ದಿನಗಳಲ್ಲಿ ಹಲವು ಬ್ಯಾಂಕುಗಳು ಫಿಕ್ಸೆಡ್ ಡೀಲಿನ ಬಡ್ಡಿ ಏರಿಸಿದವು. ಅಕ್ಟೋಬರ್ ಕೊನೆಯ ಬಜೆಟ್ ಆದ ಮೇಲೆ ಸ್ವಾಪ್ ರೇಟ್ ಮೇಲೆ ಹೋಗಿತ್ತು.

ಇನ್ನೂ ಹಿಂದೆ ಹೋದರೆ, ನಮ್ಮ ಹಿರಿಯ ಡಾಕ್ಟರುಗಳು, ಮೈಸೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಓದಿ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇರಿದವರು, 1989ರ ಅಕ್ಟೋಬರ್‌ನ ಶೇ. 15ರ ದರ ಕಂಡವರು. 2009ರ ಮಾರ್ಚ್‌ನಲ್ಲಿ ದರ 0.5ಕ್ಕೆ ಇಳಿದಾಗ "ಇದು ಒಂದೆರಡು ವರ್ಷದ ಮಾತು" ಅಂತ ಬಹಳ ಜನ ನಂಬಿದ್ದರು. ಅದು 2016ರವರೆಗೆ ಅಲ್ಲೇ ಇತ್ತು, ಆಮೇಲೆ ಇನ್ನೂ ಕೆಳಗೆ ಹೋಯಿತು. ನಂತರ 2021ರ ಡಿಸೆಂಬರ್‌ನಿಂದ 2023ರ ಆಗಸ್ಟ್‌ವರೆಗೆ ಒಂದರ ಹಿಂದೆ ಒಂದು 14 ಸಲ ಏರಿ 5.25 ಮುಟ್ಟಿತು. ಆಮೇಲೆ ಇಳಿಯತೊಡಗಿ 2025ರ ಆಗಸ್ಟ್‌ಗೆ 4ಕ್ಕೆ ಬಂತು. ಇದನ್ನೆಲ್ಲ ಮುಂಚೆಯೇ ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ಹಾಗಾಗಿ ಬಡ್ಡಿಯ ಭವಿಷ್ಯ ಹೇಳುವ ಕೆಲಸವನ್ನು ನಾವು ಬಿಟ್ಟುಬಿಡೋಣ. ನಮ್ಮ ಮನೆಯ ಭವಿಷ್ಯ ನಮಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ನಿರ್ಧಾರ ಅಲ್ಲಿಂದ ಶುರುವಾಗಲಿ.

ಫಿಕ್ಸ್ ಮಾಡಿಸಿದಾಗ ನಾವು ಏನು ಕೊಳ್ಳುತ್ತೇವೆ? ಇಷ್ಟು ತಿಂಗಳು ಕಂತು ಇಷ್ಟೇ ಅನ್ನುವ ಖಾತ್ರಿ. ಅದಕ್ಕೆ ಏನು ಕೊಡುತ್ತೇವೆ? ಬಡ್ಡಿಯ ಜೊತೆಗೆ ನಮ್ಮ ಸ್ವಾತಂತ್ರ್ಯದ ಒಂದು ಭಾಗವನ್ನೂ ಕೊಡುತ್ತೇವೆ. ಬೆಂಗಳೂರಿಗೆ ಕಡಿಮೆ ಬೆಲೆಯ ವಿಮಾನದ ಟಿಕೆಟ್ ತೆಗೆದುಕೊಂಡ ಹಾಗೆ. ಹೋಗುವುದು ಖಂಡಿತ ಅಂತಾದರೆ ಅದು ಒಳ್ಳೆಯ ಟಿಕೆಟ್. ಮನಸ್ಸು ಬದಲಾದರೆ ದುಡ್ಡು ಹೋಯಿತು.

ಆ ದುಡ್ಡಿಗೆ ಇಲ್ಲಿ ಇಆರ್‌ಸಿ ಅಂತಾರೆ. ಅವಧಿಗೆ ಮುಂಚೆ ಸಾಲ ತೀರಿಸಿದರೆ ಕಟ್ಟಬೇಕಾದ ದಂಡ. ಐದು ವರ್ಷದ ಡೀಲಿನಲ್ಲಿ ಇದು ಸಾಮಾನ್ಯವಾಗಿ ಮೊದಲ ವರ್ಷ ಉಳಿದ ಸಾಲದ ಶೇ. 5, ಎರಡನೇ ವರ್ಷ 4, ಹೀಗೆ ಇಳಿಯುತ್ತಾ ಕೊನೆಯ ವರ್ಷ 1 ಇರುತ್ತದೆ. ಪ್ರತಿ ಬ್ಯಾಂಕಿನದೂ ಸ್ವಲ್ಪ ಬೇರೆ. ನಿಮ್ಮ ಆಫರ್ ಪತ್ರದಲ್ಲಿ ಬರೆದೇ ಇರುತ್ತದೆ, ದಯವಿಟ್ಟು ಓದಿ. ಊರಿನಲ್ಲಿ ಫ್ಲೋಟಿಂಗ್ ಮನೆ ಸಾಲ ಬೇಗ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಆ ಅಭ್ಯಾಸದಲ್ಲಿ ಬೆಳೆದ ನಮಗೆ ಇಆರ್‌ಸಿ ಅನ್ನೋದು ತಲೆಗೆ ಹೋಗುವುದೇ ಇಲ್ಲ. ನಮ್ಮ ಲೆಕ್ಕದ ಮನೆಯವರು ಹೊಸ ಐದು ವರ್ಷದ ಡೀಲಿನ ಮೂರನೇ ವರ್ಷ ಮನೆ ಮಾರಿದರೆ, ಸಾಲ 2 ಲಕ್ಷ 30 ಸಾವಿರ ಉಳಿದಿದೆ ಅಂತಿಟ್ಟುಕೊಳ್ಳಿ, ದಂಡವೇ 6,900 ಪೌಂಡ್.

ಅದಕ್ಕೇ ನಾನು ಹೇಳುವುದು, ಬಡ್ಡಿ ನೋಡುವ ಮೊದಲು ವರ್ಷ ನೋಡಿ. ಈ ಮನೆಯಲ್ಲಿ, ಈ ಸಾಲದ ಜೊತೆ, ನಾವು ಖಂಡಿತ ಎಷ್ಟು ವರ್ಷ ಇರುತ್ತೇವೆ? ಈ ಪ್ರಶ್ನೆಗೆ ಗಂಡ ಹೆಂಡತಿ ಇಬ್ಬರೂ ಕೂತು ಉತ್ತರ ಹುಡುಕಬೇಕು. ಒಬ್ಬರ ತಲೆಯಲ್ಲಿ "ಇನ್ನು ಮೂರು ವರ್ಷಕ್ಕೆ ಊರಿಗೆ" ಅಂತ ಇರುತ್ತದೆ, ಇನ್ನೊಬ್ಬರ ತಲೆಯಲ್ಲಿ "ಮಗಳ ಎ ಲೆವೆಲ್ ಮುಗಿಯುವವರೆಗೆ ಅಲ್ಲಾಡೋದಿಲ್ಲ" ಅಂತ ಇರುತ್ತದೆ. ಈ ಮಾತು ಆಡದೆ ಐದು ವರ್ಷದ ಡೀಲಿಗೆ ಇಬ್ಬರೂ ಸಹಿ ಹಾಕಿಬಿಡುತ್ತಾರೆ.

ಇಲ್ಲಿಯವರ ಸಲಹೆಯ ಪುಟಗಳಲ್ಲಿ ಸಿಗದ ಕೆಲವು ಪ್ರಶ್ನೆಗಳು ನಮಗಿವೆ. ಊರಲ್ಲಿ ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಯಾವಾಗ ಬೇಕಾದರೂ ಒಬ್ಬರು ವಾಪಸ್ ಹೋಗಬೇಕಾಗಬಹುದು. ಹಾಗೆ ಹೋದಾಗ ಮನೆ ಮಾರುತ್ತೀರಾ, ಬಾಡಿಗೆಗೆ ಕೊಡುತ್ತೀರಾ? ಮಾರಿದರೆ ಇಆರ್‌ಸಿ. ಬಾಡಿಗೆಗೆ ಕೊಡಬೇಕಾದರೆ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕು, ಅದಕ್ಕೆ ಕನ್ಸೆಂಟ್ ಟು ಲೆಟ್ ಅಂತಾರೆ. ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಡುವುದು ಸಾಲದ ಷರತ್ತು ಮುರಿದಂತೆ. ಇನ್ನೊಂದು ತೊಡಕೂ ಇದೆ. ನೀವು ಬೆಂಗಳೂರಿನಲ್ಲಿ ಕೂತಿರುವಾಗ ಇಲ್ಲಿಯ ಫಿಕ್ಸ್ ಮುಗಿದರೆ ಹೊಸ ಬ್ಯಾಂಕು ಸಿಗುವುದು ಕಷ್ಟ. ದೇಶದಲ್ಲಿ ವಾಸವಿಲ್ಲದವರಿಗೆ, ರೂಪಾಯಿಯಲ್ಲಿ ಸಂಬಳ ಪಡೆಯುವವರಿಗೆ ಇಲ್ಲಿಯ ಬಹುತೇಕ ಸಾಮಾನ್ಯ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ. ಹಾಗಾಗಿ ಮನೆ ಇಟ್ಟುಕೊಂಡು ಊರಿಗೆ ಹೋಗುವ ಯೋಚನೆ ಇರುವವರಿಗೆ ಉದ್ದದ ಫಿಕ್ಸ್ ಅನುಕೂಲ. ಮನೆ ಮಾರಿ ಹೋಗುವವರಿಗೆ ಅದೇ ಉದ್ದದ ಫಿಕ್ಸ್ ಹೊರೆ. ಇಬ್ಬರೂ "ವಾಪಸ್ ಹೋಗ್ತೀವಿ" ಅಂತಲೇ ಹೇಳುತ್ತಾರೆ, ಉತ್ತರ ಮಾತ್ರ ತದ್ವಿರುದ್ಧ.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ಇನ್ನೂ ಒಂದು ಹೆಜ್ಜೆ ಹೆಚ್ಚು ಯೋಚಿಸಬೇಕು. ಕೆಲಸ ಹೋದರೆ ಹೊಸ ಸ್ಪಾನ್ಸರ್, ಅಂದರೆ ವೀಸಾಗೆ ಆಧಾರವಾಗಿ ಕೆಲಸ ಕೊಡುವ ಸಂಸ್ಥೆ, ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಸಿಗದೇ ಹೋದರೆ ಮನೆ ಮಾರಬೇಕಾಗಬಹುದು, ಆಗ ಇಆರ್‌ಸಿಯೂ ಮೈಮೇಲೆ ಬರುತ್ತದೆ. ಕೆಲವು ಬ್ಯಾಂಕುಗಳು ವೀಸಾದವರಿಂದ ಜಾಸ್ತಿ ಡಿಪಾಸಿಟ್ ಕೇಳುತ್ತವೆ. ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಬಂದ ಮೇಲೆ ಬಾಗಿಲುಗಳು ಹೆಚ್ಚು ತೆರೆಯುತ್ತವೆ. ನಿಮ್ಮ ಐಎಲ್‌ಆರ್ ಇನ್ನೊಂದೂವರೆ ವರ್ಷದಲ್ಲಿ ಬರುವುದಿದ್ದರೆ ಈಗ ಎರಡು ವರ್ಷದ ಡೀಲ್ ಹಿಡಿದು ಆಮೇಲೆ ಎಲ್ಲ ಬ್ಯಾಂಕುಗಳನ್ನೂ ನೋಡುವುದು ಜಾಣತನ.

ಕಾಲ ಗೊತ್ತಾದ ಮೇಲೆ ಎರಡನೇ ಪ್ರಶ್ನೆ: ಕಂತು ಎಷ್ಟು ಏರಿದರೆ ನಮ್ಮ ಮನೆ ತಡೆದುಕೊಳ್ಳುತ್ತದೆ? ನಮ್ಮ ಲೆಕ್ಕದ ಮನೆಗೆ ಶೇ. 4.5ರಲ್ಲಿ 1,573. ಶೇ. 5.5 ಆದರೆ 1,710. ಒಂದು ಪರ್ಸೆಂಟ್ ಅಂದರೆ ತಿಂಗಳಿಗೆ 137 ಪೌಂಡ್. ಇಬ್ಬರೂ ದುಡಿಯುತ್ತಿದ್ದು, ಆರು ತಿಂಗಳ ಖರ್ಚು ಕೈಯಲ್ಲಿ ಇದ್ದರೆ ಈ ಏರಿಳಿತ ಸಹಿಸಬಹುದು. ನರ್ಸರಿ ಫೀಸು, ಕಾರಿನ ಕಂತು, ಊರಿಗೆ ಕಳಿಸುವ ಹಣ ಎಲ್ಲ ಸೇರಿ ತಿಂಗಳ ಕೊನೆಗೆ ಐವತ್ತು ಪೌಂಡ್ ಉಳಿಯುವ ಮನೆಗೆ ಇದು ಸಹಿಸಲಾಗದ ಪೆಟ್ಟು. ಅಂಥವರು ಫಿಕ್ಸ್ ಮಾಡಿಸಲಿ, ಸ್ವಲ್ಪ ಜಾಸ್ತಿ ಬಡ್ಡಿ ಆದರೂ ಸರಿ. ಮುಂದೆ ಬಡ್ಡಿ ಇಳಿದರೆ "ಅಯ್ಯೋ, ಮೋಸ ಹೋದೆವು" ಅಂತ ಅನ್ನಿಸಬಾರದು. ಅವರು ರಾತ್ರಿ ನೆಮ್ಮದಿಯಾಗಿ ಮಲಗಲು ಹಣ ಕೊಟ್ಟಿದ್ದರು, ಅದು ಸಿಕ್ಕಿತು.

ಸಹಿಸುವ ಶಕ್ತಿ ಇರುವವರು ಟ್ರ್ಯಾಕರ್ ಕಡೆ ನೋಡಬಹುದು. ಟ್ರ್ಯಾಕರ್ ಬ್ಯಾಂಕ್ ರೇಟಿಗಿಂತ ಇಷ್ಟು ಮೇಲೆ ಅಂತ ಕಟ್ಟಿಕೊಂಡು ಅದರ ಜೊತೆಗೇ ಏರಿ ಇಳಿಯುತ್ತದೆ. ಹಲವು ಟ್ರ್ಯಾಕರ್‌ಗಳಿಗೆ ಇಆರ್‌ಸಿ ಇರುವುದಿಲ್ಲ. ಇಲ್ಲಿ ಒಂದು ಲೆಕ್ಕ ಸರಿಯಾಗಿ ಮಾಡಬೇಕು. ಎರಡು ವರ್ಷದ ಫಿಕ್ಸ್ 4.5 ಇದೆ, ಟ್ರ್ಯಾಕರ್ 4.9 ಇದೆ ಅಂತಿಟ್ಟುಕೊಳ್ಳಿ. "ಎರಡು ವರ್ಷದಲ್ಲಿ ಟ್ರ್ಯಾಕರ್ 4.5ಕ್ಕೆ ಇಳಿದರೆ ಸಮ ಆಯ್ತಲ್ಲ" ಅಂತ ಅನೇಕರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಇಡೀ ಎರಡು ವರ್ಷದ ಸರಾಸರಿ 4.5 ಬರಬೇಕು. ಒಂದೇ ಸಮ ಇಳಿಯುತ್ತಾ ಹೋದರೆ ಕೊನೆಗೆ 4.1 ಮುಟ್ಟಬೇಕು. ಇಳಿಕೆ ತಡವಾದಷ್ಟೂ ಇನ್ನೂ ಕೆಳಗೆ ಹೋಗಬೇಕು. ನನ್ನ ಮಟ್ಟಿಗೆ ಟ್ರ್ಯಾಕರ್ ಸರಿಹೊಂದುವುದು ವರ್ಷದೊಳಗೆ ಮನೆ ಮಾರುವವರಿಗೆ, ಅಥವಾ ಊರಿನ ಸೈಟು ಮಾರಿ ದೊಡ್ಡ ಮೊತ್ತ ತರುವುದಿದ್ದವರಿಗೆ. ಅವರಿಗೆ ದಂಡವಿಲ್ಲದ ದಾರಿ ಬೇಕು.

ಎರಡೋ ಐದೋ ಅನ್ನುವುದಕ್ಕೆ ಒಂದೇ ಮಾತು. ಉದ್ದದ ಡೀಲ್ ಯಾವಾಗಲೂ ದುಬಾರಿ ಅಂತೇನಿಲ್ಲ. 2022ರ ಕೊನೆಯಿಂದ ಬಹಳ ಕಾಲ ಐದು ವರ್ಷದ್ದೇ ಎರಡು ವರ್ಷದ್ದಕ್ಕಿಂತ ಅಗ್ಗವಾಗಿತ್ತು, ಯಾಕೆಂದರೆ ಮುಂದೆ ದರ ಇಳಿಯುತ್ತದೆ ಅಂತ ಮಾರುಕಟ್ಟೆ ನಂಬಿತ್ತು. ಎರಡು ವರ್ಷದ ಡೀಲ್ ಹಿಡಿದವರಿಗೆ ಎರಡು ವರ್ಷಕ್ಕೊಮ್ಮೆ ಫೀಸು ಬೀಳುತ್ತದೆ, ಅದನ್ನು ಮರೆಯಬೇಡಿ.

ಫೀಸಿನ ವಿಚಾರಕ್ಕೆ ಬರುತ್ತೇನೆ, ಇಲ್ಲಿ ಬಹಳ ಜನ ಜಾರಿ ಬೀಳುತ್ತಾರೆ. ಡೀಲ್‌ಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಕಡಿಮೆ ಬಡ್ಡಿಗೆ ಹೆಚ್ಚಾಗಿ 999 ಪೌಂಡ್ ಅಥವಾ ಅದಕ್ಕೂ ಜಾಸ್ತಿ ಫೀಸು ಇರುತ್ತದೆ. ಫೀಸು ಇಲ್ಲದ ಡೀಲಿನ ಬಡ್ಡಿ ಸ್ವಲ್ಪ ಮೇಲೆ. ವ್ಯತ್ಯಾಸ ಶೇ. 0.2 ಅಂತಿಟ್ಟುಕೊಳ್ಳಿ. ನಮ್ಮ 2 ಲಕ್ಷ 48 ಸಾವಿರದ 600ಕ್ಕೆ ಅದು ವರ್ಷಕ್ಕೆ 497 ಪೌಂಡ್. ಎರಡು ವರ್ಷದ ಡೀಲಿನಲ್ಲಿ ಫೀಸೂ ಉಳಿತಾಯವೂ ಸರಿಸಮ. ಐದು ವರ್ಷದ್ದಾದರೆ ಫೀಸು ಕಟ್ಟುವುದೇ ಲಾಭ. ಸಾಲ 80 ಸಾವಿರ ಮಾತ್ರ ಉಳಿದಿದ್ದರೆ ವರ್ಷಕ್ಕೆ 160 ಪೌಂಡ್ ಉಳಿಯುತ್ತದೆ. ಐದು ವರ್ಷ ಆದರೂ 999 ಹುಟ್ಟುವುದಿಲ್ಲ. ಸಾಲ ಚಿಕ್ಕದಾದವರು ಬಡ್ಡಿಯ ಅಂಕಿಗೆ ಮರುಳಾಗಬೇಡಿ. ಫೀಸನ್ನು ಸಾಲಕ್ಕೇ ಸೇರಿಸುವ ಅವಕಾಶವನ್ನು ಬ್ಯಾಂಕು ಕೊಡುತ್ತದೆ. ಹಾಗೆ ಮಾಡಿದರೆ ಸಾಲ ತೀರುವವರೆಗೂ ಆ 999ಕ್ಕೆ ಬಡ್ಡಿ ಕಟ್ಟುತ್ತಿರುತ್ತೀರಿ.

ಫಿಕ್ಸ್ ಮುಗಿಯುವ ಮುಂಚೆ ನೋಡಬೇಕಾದ ಇನ್ನೊಂದು ಅಂಕಿ ಎಲ್‌ಟಿವಿ. ಮನೆಯ ಬೆಲೆಯಲ್ಲಿ ಸಾಲ ಎಷ್ಟು ಪಾಲು ಅನ್ನೋದು. ಬ್ಯಾಂಕುಗಳು ಇದನ್ನು 95, 90, 85, 80, 75, 60 ಅಂತ ಮೆಟ್ಟಿಲು ಮಾಡಿ ಇಟ್ಟಿವೆ. ಪ್ರತಿ ಮೆಟ್ಟಿಲು ಇಳಿದಾಗ ಬಡ್ಡಿ ಸಾಮಾನ್ಯವಾಗಿ ಕಡಿಮೆ. ನಮ್ಮ ಲೆಕ್ಕದ ಮನೆಯ ಬೆಲೆ ಐದು ವರ್ಷದಲ್ಲಿ ಒಂದು ಪೌಂಡ್ ಕೂಡ ಏರಿಲ್ಲ ಅಂತಲೇ ಇಟ್ಟುಕೊಂಡರೂ ಎಲ್‌ಟಿವಿ 75ರಿಂದ 62ಕ್ಕೆ ಇಳಿದಿದೆ. ಅಂದರೆ 60ರ ಮೆಟ್ಟಿಲಿಗೆ 8,600 ಪೌಂಡ್ ದೂರ. ಅಷ್ಟು ಉಳಿತಾಯ ಇದ್ದರೆ ಫಿಕ್ಸ್ ಮುಗಿಯುವ ಮೊದಲೇ ಕಟ್ಟಿ. ಬಹುತೇಕ ಡೀಲ್‌ಗಳಲ್ಲಿ ವರ್ಷಕ್ಕೆ ಉಳಿದ ಸಾಲದ ಶೇ. 10ರವರೆಗೆ ದಂಡವಿಲ್ಲದೆ ಹೆಚ್ಚುವರಿ ಕಟ್ಟಬಹುದು. ಆ 8,600ರಿಂದ ಇಡೀ ಸಾಲದ ಬಡ್ಡಿ ಇಳಿಯಬಹುದು. ಮನೆಯ ಬೆಲೆ ಏರಿದ್ದರೆ ಕಟ್ಟುವ ಅಗತ್ಯವೇ ಇಲ್ಲದಿರಬಹುದು. ನಿಮ್ಮ ರಸ್ತೆಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಎಲ್ಲರಿಗೂ ನೋಡಲು ಸಿಗುತ್ತದೆ. ಬ್ಯಾಂಕು ಕಂಪ್ಯೂಟರ್ ಅಂದಾಜಿನ ಮೇಲೆ ಕಡಿಮೆ ಬೆಲೆ ಕಟ್ಟಿದ್ದರೆ ಅದನ್ನು ತೋರಿಸಿ ಕೇಳಿ.

ಅವಧಿ ವಿಸ್ತರಿಸುವ ಆಸೆಯೂ ಬರುತ್ತದೆ. 20 ವರ್ಷ ಉಳಿದ ಸಾಲವನ್ನು ಮತ್ತೆ 25ಕ್ಕೆ ಎಳೆದರೆ ಕಂತು 1,573ರಿಂದ 1,382ಕ್ಕೆ ಇಳಿಯುತ್ತದೆ. ನೋಡಲು ಹಿತ. ಆದರೆ ಅದೇ ಬಡ್ಡಿಯಲ್ಲಿ ಕೊನೆಯವರೆಗೆ ಕಟ್ಟಿದರೆ ಒಟ್ಟು ಸುಮಾರು 37 ಸಾವಿರ ಪೌಂಡ್ ಜಾಸ್ತಿ ಹೋಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದಾಗ ಮಾಡಿ, ಕೈ ಸುಧಾರಿಸಿದ ಕೂಡಲೇ ಹೆಚ್ಚುವರಿ ಕಟ್ಟಲು ಶುರು ಮಾಡಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಕೆಲಸ. ಫಿಕ್ಸ್ ಮುಗಿಯುವ ಆರು ತಿಂಗಳ ಮುಂಚೆ ಶುರು ಮಾಡಿ. ಹೊಸ ಡೀಲನ್ನು ನಾಲ್ಕರಿಂದ ಆರು ತಿಂಗಳ ಮೊದಲೇ ಹಿಡಿದಿಡಲು ಬಹಳಷ್ಟು ಬ್ಯಾಂಕುಗಳು ಬಿಡುತ್ತವೆ. ನಿಮ್ಮದು ಎಷ್ಟು ಬಿಡುತ್ತದೆ ಅಂತ ಕೇಳಿಕೊಳ್ಳಿ. ಹಿಡಿದ ಮೇಲೆ ಬಡ್ಡಿ ಏರಿದರೆ ನಿಮ್ಮ ಡೀಲ್ ಭದ್ರ. ಇಳಿದರೆ ಅದನ್ನು ಬಿಟ್ಟು ಹೊಸದು ಕೇಳಬಹುದು. 2023ರ ಜೂನ್‌ನಲ್ಲಿ ಸರ್ಕಾರ ಮತ್ತು ಬಹುಪಾಲು ಬ್ಯಾಂಕುಗಳು ಒಪ್ಪಿಕೊಂಡ ಮಾರ್ಟ್‌ಗೇಜ್ ಚಾರ್ಟರ್‌ನಲ್ಲಿ ಈ ಮಾತು ಇತ್ತು: ಅದೇ ಬ್ಯಾಂಕಿನಲ್ಲಿ ಮುಂದುವರಿಯುವವರು ಹೊಸ ಡೀಲ್ ಶುರುವಾಗುವವರೆಗೂ ಅಂಥದ್ದೇ ಉತ್ತಮ ಡೀಲ್ ಇದ್ದರೆ ಬದಲಾಯಿಸಿಕೊಳ್ಳಬಹುದು. ಇಡೀ ವ್ಯವಹಾರದಲ್ಲಿ ಒಂದು ಕಡೆ ಮಾತ್ರ ನಮಗೆ ಬಿಟ್ಟಿಯಾಗಿ ರಕ್ಷಣೆ ಸಿಗುತ್ತದೆ. ಅದು ಇಲ್ಲಿ. 2022ರ ಬೇಸಿಗೆಯಲ್ಲೇ ಡೀಲ್ ಹಿಡಿದಿಟ್ಟವರಿಗೆ ಆ ಅಕ್ಟೋಬರ್‌ನ ಬಿಸಿ ತಟ್ಟಲಿಲ್ಲ. ತಾರೀಕಿನ ಬಗ್ಗೆ ಎಚ್ಚರ ಇರಲಿ. ಹಳೆಯ ಡೀಲಿನ ಇಆರ್‌ಸಿ ಮುಗಿಯುವ ದಿನಕ್ಕಿಂತ ಒಂದು ದಿನ ಮುಂಚೆ ಹೊಸ ಸಾಲ ಶುರುವಾದರೂ ದಂಡ ಬೀಳುತ್ತದೆ. ಬೇರೆ ಬ್ಯಾಂಕಿಗೆ ಹೋಗುವುದಾದರೆ ಕಾಗದಪತ್ರ ನೋಡಿಕೊಳ್ಳುವ ವಕೀಲರಿಗೆ ಆ ತಾರೀಕನ್ನು ಬರೆದು ಕೊಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು.

ಒಬ್ಬ ತಮ್ಮ ಕೇಳಿದ್ದು: "ಸರ್, ಹೆಚ್ಚುವರಿ ಹಣ ಇದೆ. ಇಲ್ಲಿ ಸಾಲಕ್ಕೆ ಕಟ್ಟೋದಕ್ಕಿಂತ ಊರಲ್ಲಿ ಎನ್‌ಆರ್‌ಇ ಎಫ್‌ಡಿ ಇಟ್ಟರೆ ಶೇ. 7 ಸಿಗುತ್ತಲ್ಲ?"

ಎನ್‌ಆರ್‌ಇ ಎಫ್‌ಡಿ ಅಂದರೆ ಹೊರದೇಶದಲ್ಲಿರುವವರು ಊರಿನ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿ. ಆ ಶೇ. 7 ಬಡ್ಡಿ ಸಿಗುವುದೂ ರೂಪಾಯಿಯಲ್ಲೇ. ನಿಮ್ಮ ಸಾಲ ಪೌಂಡ್‌ನಲ್ಲಿದೆ. 2015ರಲ್ಲಿ ಪೌಂಡ್ 100 ರೂಪಾಯಿ ಆಸುಪಾಸು ಇತ್ತು. ಬ್ರೆಕ್ಸಿಟ್ ಮತದಾನದ ನಂತರ 85ಕ್ಕಿಂತ ಕೆಳಗೆ ಹೋಯಿತು. 2025ರಲ್ಲಿ 115 ದಾಟಿತು. ಹಣ ವಾಪಸ್ ತರುವ ದಿನ ಪೌಂಡ್ ಎಲ್ಲಿರುತ್ತದೋ ಅದೇ ನಿಮ್ಮ ನಿಜವಾದ ಬಡ್ಡಿ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಇಲ್ಲಿ ವರ್ಷಗಟ್ಟಲೆ ನೆಲೆಸಿದವರು ಹೊರದೇಶದ ಆದಾಯವನ್ನೂ ಇಲ್ಲಿಯ ತೆರಿಗೆ ಇಲಾಖೆಗೆ ತೋರಿಸಬೇಕು. ಶೇ. 4.5ರ ಸಾಲಕ್ಕೆ ಹೆಚ್ಚುವರಿ ಕಟ್ಟಿದರೆ ಆ 4.5 ಖಚಿತ, ತೆರಿಗೆಯೂ ಇಲ್ಲ. ಊರಿಗೆ ಹಿಂದಿರುಗಿ ಆ ಹಣವನ್ನು ಅಲ್ಲೇ ಖರ್ಚು ಮಾಡುವವರಾದರೆ ಎಫ್‌ಡಿಗೆ ಅರ್ಥವಿದೆ. ಇಲ್ಲೇ ಇರುವವರಾದರೆ ನಾನು ಸಾಲ ಇಳಿಸುತ್ತೇನೆ. ಆದರೆ ಮೊದಲು ಆರು ತಿಂಗಳ ಖರ್ಚು ಕೈಗೆ ಸಿಗುವ ಹಾಗೆ ಪಕ್ಕಕ್ಕಿಡಿ. ಸಾಲಕ್ಕೆ ಕಟ್ಟಿದ್ದನ್ನು ಬ್ಯಾಂಕು ಕೇಳಿದ ತಕ್ಷಣ ವಾಪಸ್ ಕೊಡುವುದಿಲ್ಲ.

ಇನ್ನೊಬ್ಬರದು: "ನಾವು 2023ರಲ್ಲಿ ಐದು ವರ್ಷಕ್ಕೆ ಶೇ. 5.5ರಲ್ಲಿ ಫಿಕ್ಸ್ ಮಾಡಿದ್ವಿ. ಈಗ ಕಡಿಮೆಗೆ ಸಿಗ್ತಿದೆ. ದಂಡ ಕಟ್ಟಿ ಹೊರಗೆ ಬರಬಹುದಾ?"

ಲೆಕ್ಕ ಹಾಕಿ ನೋಡಿ, ಕೋಪದಲ್ಲಿ ತೀರ್ಮಾನ ಬೇಡ. ಸಾಲ 2 ಲಕ್ಷ 20 ಸಾವಿರ, ಇಆರ್‌ಸಿ ಶೇ. 3 ಆದರೆ ದಂಡ 6,600. ಶೇ. 1 ಕಡಿಮೆಗೆ ಸಿಕ್ಕರೆ ವರ್ಷಕ್ಕೆ 2,200 ಉಳಿತಾಯ. ಇನ್ನು ಎರಡು ವರ್ಷ ಉಳಿದಿದ್ದರೆ ಸಿಗುವುದು 4,400. ಹೊಸ ಡೀಲಿನ ಫೀಸು ಬೇರೆ. ಬರಬೇಡಿ. ದಂಡ ಶೇ. 1ಕ್ಕೆ ಇಳಿದು, ಇನ್ನೂ ಒಂದು ವರ್ಷದ ಹತ್ತಿರ ಬಾಕಿ ಇದ್ದು, ಬಡ್ಡಿಯ ವ್ಯತ್ಯಾಸ ಒಂದೂವರೆ ಪರ್ಸೆಂಟ್ ಇದ್ದರೆ ಆಗ ಲೆಕ್ಕ ಹುಟ್ಟಬಹುದು. ದಂಡ ಇಳಿಯುವ ತಾರೀಕನ್ನು ಮೊದಲು ನೋಡಿಕೊಳ್ಳಿ. ಕೆಲವು ವಾರ ತಾಳಿದರೆ ಒಂದು ಪರ್ಸೆಂಟ್ ಕಡಿಮೆ ಆಗುವುದುಂಟು.

ಕೊನೆಯದು ಒಬ್ಬ ತಾಯಿಯದು: "ಮಗು ಆಗಿದೆ, ನಾನು ಕೆಲಸ ಬಿಟ್ಟಿದ್ದೇನೆ. ಈಗ ಒಬ್ಬರದೇ ಸಂಬಳ. ನಮ್ಮ ಫಿಕ್ಸ್ ಮುಂದಿನ ವರ್ಷ ಮುಗಿಯುತ್ತೆ. ಯಾರಾದರೂ ನಮಗೆ ಸಾಲ ಕೊಡ್ತಾರಾ?"

ಹೆದರಬೇಡಮ್ಮ. ಬೇರೆ ಬ್ಯಾಂಕಿಗೆ ಹೋದರೆ ಅವರು ಆದಾಯ, ಖರ್ಚು, ಮಕ್ಕಳು ಎಲ್ಲವನ್ನೂ ಹೊಸದಾಗಿ ನೋಡುತ್ತಾರೆ. ಅಲ್ಲಿ ಕಷ್ಟ ಆಗಬಹುದು. ನಿಮ್ಮದೇ ಬ್ಯಾಂಕಿನಲ್ಲಿ ಹೊಸ ಡೀಲಿಗೆ ಬದಲಾಯಿಸಿಕೊಳ್ಳುವುದಕ್ಕೆ ಪ್ರಾಡಕ್ಟ್ ಟ್ರಾನ್ಸ್‌ಫರ್ ಅಂತಾರೆ. ಸಾಲದ ಮೊತ್ತ ಹೆಚ್ಚಿಸದೆ, ಹೆಸರು ಬದಲಿಸದೆ, ಕಂತು ಬಾಕಿ ಇಲ್ಲದಿದ್ದರೆ ಸಾಮಾನ್ಯವಾಗಿ ಅವರು ಸಂಬಳದ ಚೀಟಿ ಕೇಳುವುದಿಲ್ಲ. ವಕೀಲರೂ ಬೇಡ. ಬಡ್ಡಿ ಹೊರಗಿನ ಅತ್ಯುತ್ತಮ ಡೀಲಿಗಿಂತ ಸ್ವಲ್ಪ ಜಾಸ್ತಿ ಇದ್ದರೂ ಎಸ್‌ವಿಆರ್‌ಗಿಂತ ಎಷ್ಟೋ ವಾಸಿ. ಸಾಲ ಹುಡುಕಿಕೊಡುವ ಬ್ರೋಕರ್ ಹತ್ತಿರ ಹೋದರೆ ಈ ಆಯ್ಕೆಯನ್ನೂ ಸೇರಿಸಿ ಹೋಲಿಸಿ ಕೊಡಿ ಅಂತ ಕೇಳಿ. ಅಷ್ಟರಲ್ಲಿ ಕಂತು ಕಟ್ಟುವುದು ಕಷ್ಟ ಅನ್ನಿಸಿದರೆ ಒಂದು ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಫೋನ್ ಮಾಡಿ. ಆರು ತಿಂಗಳು ಬಡ್ಡಿ ಮಾತ್ರ ಕಟ್ಟುವ ಅವಕಾಶವನ್ನೂ ಚಾರ್ಟರ್ ಕೊಟ್ಟಿದೆ, ಅದು ನಿಮಗೆ ಸಿಗುತ್ತದಾ ಅಂತ ಕೇಳಿ. ಸುಮ್ನೆ ವಿಚಾರಿಸಿದ ಮಾತ್ರಕ್ಕೆ ನಿಮ್ಮ ಕ್ರೆಡಿಟ್ ದಾಖಲೆಗೆ ಏನೂ ಆಗುವುದಿಲ್ಲ. ಕಂತು ತಪ್ಪಿದರೆ ಆಗುತ್ತದೆ.